ಹಿಡಿ ರಾಗಿ ಒಂದೇ ಬೀಜದ್ದಾ? ಶ್ವಾಸಕೋಶದ ಲಿಂಫೋಮಾ ಪತ್ತೆಯ ಬಗ್ಗೆ

ತುಮಕೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಸಾರ್ವಜನಿಕರ ಮುಂದೆ ಆಡಿದ ಮಾತುಗಳಿವು. ಕೇಳಿದವರಲ್ಲಿ ಕೆಲವರು ಬರೆದುಕೊಡಿ ಅಂದರು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿರುವ ತಾಯಂದಿರು ಈ ತಟ್ಟೆ ನೋಡಿ ಆಗಲೇ ಪಿಸುಗುಡುತ್ತಿದ್ದಾರೆ. ಹೌದು, ಇದು ರಾಗಿ. ಬರುವಾಗ ಮನೆಯ ಡಬ್ಬಿಯಿಂದ ಒಂದು ಹಿಡಿ ತಂದೆ. ಒಂದು ಪ್ರಶ್ನೆ ಕೇಳುತ್ತೇನೆ. ಒಂದು ಕಾಳು ಬಿತ್ತಿದರೆ ಸಾವಿರಾರು ಕಾಳು ಸಿಗುತ್ತದೆ, ಅದು ನಿಮಗೆ ಗೊತ್ತು. ಈಗ ಈ ಹಿಡಿಯಲ್ಲಿರುವುದೆಲ್ಲ ಒಂದೇ ಕಾಳಿನಿಂದ ಬಂದದ್ದಾ, ಇಲ್ಲ ನೂರು ಹೊಲದ ರಾಗಿ ಬೆರೆತಿದೆಯಾ? ಸುಮ್ನೆ ಕಣ್ಣಲ್ಲಿ ನೋಡಿ ಹೇಳಿ.

ಹಿಂದಿನಿಂದ ಯಾರೋ "ಹೇಳಕ್ಕಾಗಲ್ಲ ಡಾಕ್ಟ್ರೇ" ಅಂದರು. ಸರಿಯಾಗಿ ಹೇಳಿದಿರಿ. ನನಗೂ ಆಗುವುದಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂತಾಗ ಎಷ್ಟೋ ಸಲ ನನ್ನ ಎದುರಿಗಿರುವುದು ಇದೇ ಪ್ರಶ್ನೆ. ಇವತ್ತಿನ ಮಾತು ಅದರ ಬಗ್ಗೆ.

ನಾನು ಪೆಥಾಲಜಿಸ್ಟ್. ಆಸ್ಪತ್ರೆಯಲ್ಲಿ ನಿಮಗೆ ನನ್ನ ಮುಖ ಕಾಣುವುದಿಲ್ಲ. ನಿಮ್ಮ ಮೈಯಿಂದ ತೆಗೆದ ತುಂಡು ಮಾತ್ರ ನನ್ನ ಹತ್ತಿರ ಬರುತ್ತದೆ. ಅದನ್ನು ನೋಡಿ ಕಾಯಿಲೆಯ ಹೆಸರು ಹೇಳುವುದು ನನ್ನ ಕೆಲಸ. ಹೆಸರು ತಪ್ಪಿದರೆ ಔಷಧಿ ತಪ್ಪುತ್ತದೆ. ಹಾಗಾಗಿ ಆ ತುಂಡಿನ ಮೇಲೆ ನನಗೆ ಬಹಳ ಅಕ್ಕರೆ. ಇವತ್ತು ನೀವು ಎದ್ದು ಹೋಗುವಾಗ ನಿಮಗೂ ಅದರ ಮೇಲೆ ಅಷ್ಟೇ ಅಕ್ಕರೆ ಬಂದಿರಬೇಕು ಅನ್ನುವುದು ನನ್ನ ಆಸೆ.

ಲಿಂಫೋಮಾ ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್. ಬಿಳಿ ಕಣಗಳಲ್ಲಿ ಲಿಂಫೋಸೈಟ್ ಅಂತ ಒಂದು ಜಾತಿ. ಸೋಂಕಿನ ವಿರುದ್ಧ ಕಾದಾಡುವ ಸಿಪಾಯಿಗಳು ಇವು. ಕುತ್ತಿಗೆ, ಕಂಕುಳು, ತೊಡೆಸಂದಿನ ಗಂಟುಗಳಲ್ಲಿ ಇವುಗಳ ಠಾಣೆ ಇರುತ್ತದೆ. ಕಾಲಿಗೆ ಗಾಯವಾದಾಗ ತೊಡೆಸಂದಿನಲ್ಲಿ ಗಂಟು ಏಳುತ್ತದಲ್ಲ, ಅದು ಇವುಗಳ ಕೆಲಸವೇ. ಆ ಗಂಟುಗಳಲ್ಲಿ ಹುಟ್ಟುವ ಕ್ಯಾನ್ಸರನ್ನು 1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಮೊದಲು ವಿವರಿಸಿದರು. ಅವರ ಹೆಸರಿನ ಲಿಂಫೋಮಾ ಒಂದು ಬಗೆ. ಅದಲ್ಲದೆ ಹತ್ತಾರು ಬಗೆಗಳಿವೆ.

ಗಂಟು ಬಿಟ್ಟು ಬೇರೆ ಅಂಗದಲ್ಲೂ ಲಿಂಫೋಮಾ ಹುಟ್ಟಬಹುದು. ಶ್ವಾಸಕೋಶ ಅಂಥ ಒಂದು ಜಾಗ. ಬೇರೆ ಕಡೆ ಹುಟ್ಟಿದ ಲಿಂಫೋಮಾ ಶ್ವಾಸಕೋಶಕ್ಕೆ ಹರಡುವುದೇ ಜಾಸ್ತಿ. ಶ್ವಾಸಕೋಶದಲ್ಲೇ ಹುಟ್ಟುವುದು ಬಹಳ ಅಪರೂಪ. ಶ್ವಾಸಕೋಶದ ಕ್ಯಾನ್ಸರ್‌ಗಳನ್ನೆಲ್ಲ ಲೆಕ್ಕ ಹಾಕಿದರೆ ನೂರಕ್ಕೆ ಒಂದರಷ್ಟೂ ಇಲ್ಲ. ಹಾಗೆ ಅಲ್ಲೇ ಹುಟ್ಟಿದವುಗಳಲ್ಲಿ ಮುಕ್ಕಾಲುಪಾಲು ಮಾಲ್ಟ್ ಲಿಂಫೋಮಾ ಎಂಬ ಒಂದೇ ಬಗೆ. 1983ರಲ್ಲಿ ಪೀಟರ್ ಐಸಾಕ್ಸನ್ ಮತ್ತು ಡೆನ್ನಿಸ್ ರೈಟ್ ಎಂಬ ಇಬ್ಬರು ಪೆಥಾಲಜಿಸ್ಟ್‌ಗಳು ಇದನ್ನು ಗುರುತಿಸಿದರು. ನಿಧಾನ ಸ್ವಭಾವದ ಕಾಯಿಲೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಮಲಗಿರುತ್ತದೆ. ಎಷ್ಟೋ ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಎಕ್ಸ್‌ರೇ ತೆಗೆಸಿದಾಗ ನೆರಳು ಕಾಣುತ್ತದೆ. ತೊಂದರೆ ಇದ್ದರೆ ಅದು ಕೆಮ್ಮು, ಸ್ವಲ್ಪ ಏದುಸಿರು, ತೂಕ ಇಳಿಯುವುದು, ಸಣ್ಣ ಜ್ವರ.

ಇದನ್ನು ಕೇಳಿದರೆ ನಿಮಗೆ ಯಾವ ಕಾಯಿಲೆ ನೆನಪಾಗುತ್ತದೆ? ಟಿಬಿ, ಅಲ್ವಾ?

ಇಲ್ಲೇ ಇರುವುದು ಕಷ್ಟ. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರು. ಕೆಮ್ಮು, ಸಣ್ಣ ಜ್ವರ, ಎಕ್ಸ್‌ರೇಯಲ್ಲಿ ನೆರಳು ಅಂದಾಗ ಡಾಕ್ಟರು ಮೊದಲು ಟಿಬಿ ಬಗ್ಗೆ ಯೋಚಿಸುವುದು ತಪ್ಪಲ್ಲ. ಯೋಚಿಸದೇ ಇದ್ದರೆ ಅದು ತಪ್ಪು. ನನ್ನ ತಕರಾರು ಇರುವುದು ಎರಡನೇ ಹೆಜ್ಜೆಯ ಬಗ್ಗೆ. ಕಫದಲ್ಲಿ ಟಿಬಿ ಸಿಗಲಿಲ್ಲ, ಔಷಧಿ ಕೊಟ್ಟರೂ ನೆರಳು ಕರಗಲಿಲ್ಲ ಅಂದಾಗ ಏನು ಮಾಡುತ್ತೇವೆ? ಅದೇ ಔಷಧಿಯನ್ನು ಇನ್ನೊಂದು ಮೂರು ತಿಂಗಳು ಮುಂದುವರಿಸುತ್ತೇವಾ, ಇಲ್ಲ ತುಂಡು ತೆಗೆದು ನೋಡುತ್ತೇವಾ?

ತುಮಕೂರಿನಲ್ಲಿ ನಿಂತು ಟಿಬಿ ಬಗ್ಗೆ ಮಾತಾಡುವಾಗ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಬ್ಯಾನರ್ಜಿ ಮತ್ತು ಆಂಡರ್ಸನ್ ಅದನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಅಂತ ಆಗ ಎಲ್ಲರೂ ನಂಬಿದ್ದರು. ಮನೆಮನೆಗೆ ಹೋಗಿ ಕೇಳಿದಾಗ ಗೊತ್ತಾಗಿದ್ದೇ ಬೇರೆ. ಟಿಬಿ ಇದ್ದವರಲ್ಲಿ ಬಹುತೇಕ ಎಲ್ಲರಿಗೂ ಮೈಯಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ಅವರ ಕೈಗೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಮನೆಗೆ ಕಳುಹಿಸಲಾಗಿತ್ತು. ಈ ಅಧ್ಯಯನ ದೇಶದ ಟಿಬಿ ಕಾರ್ಯಕ್ರಮದ ದಿಕ್ಕನ್ನೇ ತಿದ್ದಿತು. ಕೆಮ್ಮು ಅಂತ ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿ ಅನ್ನುವ ದಾರಿಗೆ ಇದೂ ಒಂದು ಕಾರಣ. ನಮ್ಮ ಅಜ್ಜ ಅಜ್ಜಿಯರು ಬಂದಿದ್ದರು. ಅವರ ಕಫವನ್ನು ನೋಡುವವರು ಇರಲಿಲ್ಲ. ಈ ಮಾತು ನನಗೆ ಈಗಲೂ ಚುಚ್ಚುತ್ತದೆ.

ಈಗ ಕಫ ನೋಡುವ ವ್ಯವಸ್ಥೆ ಚೆನ್ನಾಗಿದೆ. ಸಿಬಿನಾಟ್, ಟ್ರೂನಾಟ್ ಹೆಸರು ಕೇಳಿದ್ದೀರಿ. ಎರಡೂ ಮಾಲಿಕ್ಯೂಲರ್ ಪರೀಕ್ಷೆಗಳೇ. ರೋಗಾಣುವಿನ ಡಿಎನ್‌ಎ ಹುಡುಕಿ ತೆಗೆಯುತ್ತವೆ. ಸಿಬಿನಾಟ್‌ನಲ್ಲಿ ಎರಡು ಗಂಟೆಯೊಳಗೆ ಟಿಬಿ ಇದೆಯಾ, ರಿಫಾಂಪಿಸಿನ್ ಎಂಬ ಟಿಬಿ ಮಾತ್ರೆಗೆ ಬಗ್ಗುತ್ತದಾ ಎರಡೂ ಗೊತ್ತಾಗುತ್ತದೆ. 2020ರಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಆರ್‌ಟಿಪಿಸಿಆರ್ ರಿಪೋರ್ಟಿಗೆ ಕಾದದ್ದು ನಿಮಗೆಲ್ಲ ನೆನಪಿದೆ. ಅದೂ ಇದೇ ಕುಟುಂಬದ ಪರೀಕ್ಷೆ. ಆದ್ದರಿಂದ ಮಾಲಿಕ್ಯೂಲರ್ ಪರೀಕ್ಷೆ ಅಂದಾಗ ಹೆದರಬೇಡಿ. ಅದು ಆಗಲೇ ನಿಮ್ಮ ಮನೆ ಬಾಗಿಲಿಗೆ ಬಂದು ಹೋಗಿದೆ.

ಈಗ ಒಬ್ಬ ತಾಯಿಯ ಕತೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಗುಬ್ಬಿ ಕಡೆಯವರು. ಐವತ್ತೆಂಟು ವರ್ಷ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಕೆಮ್ಮು ಶುರುವಾಯಿತು. ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಬೆಳ್ಳಗೆ ಒಂದು ಮಬ್ಬು. ನ್ಯುಮೋನಿಯಾ ಅಂತ ಆ್ಯಂಟಿಬಯೋಟಿಕ್ ಕೊಟ್ಟರು. ಹೋಗಲಿಲ್ಲ. ಕಫದಲ್ಲಿ ಟಿಬಿ ಸಿಗಲಿಲ್ಲ. ಆದರೂ ಇರಬಹುದು ಅಂತ ಆರು ತಿಂಗಳು ಟಿಬಿ ಔಷಧಿ ನುಂಗಿಸಿದರು. ಮಬ್ಬು ಇದ್ದಲ್ಲೇ ಇತ್ತು. ಆಮೇಲೆ ಬೇರೊಂದು ಕಡೆ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಹದಿನೈದು ದಿನಕ್ಕೆ ಕೆಮ್ಮು ಕಡಿಮೆಯಾಯಿತು, ಊಟ ಸೇರಿತು, ಮಬ್ಬೂ ಸ್ವಲ್ಪ ಕುಗ್ಗಿತು. ಮನೆಯವರಿಗೆಲ್ಲ ನೆಮ್ಮದಿ. ಮಾತ್ರೆ ನಿಲ್ಲಿಸಿದ ಮೇಲೆ ಕೆಮ್ಮು ವಾಪಸ್ ಬಂತು. ಮತ್ತೆ ಮಾತ್ರೆ. ಅದರ ನಡುವೆಯೇ ಯಾರೋ ಬಯಾಪ್ಸಿ ಮಾಡಿಸಿ ಅಂದರು. ಆ ತುಂಡು ನಮ್ಮ ಲ್ಯಾಬಿಗೆ ಬಂತು.

ನಾನು ನೋಡಿದೆ. ನಜ್ಜುಗುಜ್ಜಾದ ಒಂದಿಷ್ಟು ಜೀವಕೋಶ, ನಾರು, ಅಷ್ಟೇ. ಏನೂ ಹೇಳುವ ಹಾಗಿರಲಿಲ್ಲ. "ತುಂಡು ಸಾಲದು, ಮತ್ತೆ ಕಳುಹಿಸಿ" ಅಂತ ಬರೆದೆ. ಅಂಥ ವಾಕ್ಯ ಬರೆಯುವಾಗ ಕೈ ಭಾರವಾಗುತ್ತದೆ. ಆ ಒಂದು ಸಾಲಿಗೆ ಇನ್ನೊಂದು ಸೂಜಿ, ಇನ್ನೊಂದು ಬಸ್ ಪ್ರಯಾಣ, ಇನ್ನೊಂದು ತಿಂಗಳು ಅಂತ ಅರ್ಥ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ. ಉಬ್ಬಸದವರಿಗೆ, ಇನ್ನೂ ಎಷ್ಟೋ ಕಾಯಿಲೆಯವರಿಗೆ ಅದು ಜೀವ ಉಳಿಸುತ್ತದೆ. ಆದರೆ ಲಿಂಫೋಮಾದ ಜೀವಕೋಶಗಳು ಸ್ಟೀರಾಯ್ಡ್ ತಾಗಿದರೆ ಬೇಗ ಸಾಯುತ್ತವೆ. ಎಲ್ಲ ಸಾಯುವುದಿಲ್ಲ, ಕಾಯಿಲೆ ವಾಸಿಯಾಗುವುದಿಲ್ಲ. ಗುರುತು ಮಾತ್ರ ಅಳಿಸಿಹೋಗುತ್ತದೆ. ಮಳೆ ಬಂದ ಮೇಲೆ ಹೆಜ್ಜೆ ಗುರುತು ಹುಡುಕಿದ ಹಾಗೆ ಆಗುತ್ತದೆ ನಮ್ಮ ಪಾಡು. ಶ್ವಾಸಕೋಶದಲ್ಲಿ ನೆರಳಿದ್ದು ಅದೇನು ಅಂತ ಗೊತ್ತಿಲ್ಲದಿದ್ದರೆ, ತುರ್ತು ಇಲ್ಲದಿದ್ದರೆ, ಬಯಾಪ್ಸಿ ಮೊದಲು, ಸ್ಟೀರಾಯ್ಡ್ ಆಮೇಲೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ದಿಢೀರ್ ಅಂತ ನಿಲ್ಲಿಸಬೇಡಿ, ಅದು ಅಪಾಯ. ಡಾಕ್ಟರಿಗೆ ಹೇಳಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಆ ಚೀಟಿ ತೋರಿಸಿ.

ಆ ತಾಯಿಗೆ ಡಾಕ್ಟರು ಸ್ಟೀರಾಯ್ಡನ್ನು ನಿಧಾನಕ್ಕೆ ಇಳಿಸಿ ನಿಲ್ಲಿಸಿದರು. ಕೆಲವು ವಾರ ಬಿಟ್ಟು ಸಿಟಿ ಸ್ಕ್ಯಾನ್ ನೋಡಿಕೊಂಡು ಸೂಜಿಯಲ್ಲಿ ಮತ್ತೆ ತುಂಡು ತೆಗೆದರು. ಈ ಸಲ ಅವರ ಮಗ ಸ್ಯಾಂಪಲ್ ಹಿಡಿದು ಬಂದ. ಜೊತೆಗೆ ತಾಯಿಯೂ ಬಂದಿದ್ದರು. ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದರು. ತುತ್ತಿಗೊಂದು ಗುಟುಕು ನೀರು. ನಾನು ನಿಂತೆ. "ಯಾಕಮ್ಮ, ಗಂಟಲು ನೋವಾ?" ಅಂದೆ. "ಇಲ್ಲ ಡಾಕ್ಟ್ರೇ, ಬಾಯಲ್ಲಿ ಎಂಜಲೇ ಊರಲ್ಲ. ಎರಡು ಮೂರು ವರ್ಷ ಆಯ್ತು. ಮುದ್ದೆಗೂ ಸಾರು ಜಾಸ್ತಿ ಬೇಕು. ಕಣ್ಣಲ್ಲೂ ಮರಳು ಬಿದ್ದಂಗೆ ಆಗ್ತದೆ" ಅಂದರು.

ಬಾಯಿ ಒಣಗುವುದು, ಕಣ್ಣು ಒಣಗುವುದು. ಶೋಗ್ರೆನ್ಸ್ ಅಂತ ಒಂದು ಕಾಯಿಲೆ ಇದೆ. ನಮ್ಮ ಸಿಪಾಯಿಗಳೇ ನಮ್ಮ ಎಂಜಲು ಗ್ರಂಥಿ, ಕಣ್ಣೀರು ಗ್ರಂಥಿಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಹೆಂಗಸರಲ್ಲೇ ಜಾಸ್ತಿ. ಇದು ಇದ್ದವರಿಗೆ ಲಿಂಫೋಮಾ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಅಷ್ಟು ತಿಂಗಳಲ್ಲಿ ಅವರ ಬಾಯಿಯ ಬಗ್ಗೆ ಯಾರೂ ಕೇಳಿರಲಿಲ್ಲ. ಎದೆಯ ಕಾಯಿಲೆ ಅಂತ ಬಂದವರು ಬಾಯಿಯ ಬಗ್ಗೆ ತಾವಾಗಿ ಹೇಳುವುದೂ ಇಲ್ಲ. ಆ ಮಾತನ್ನು ಅವರ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದೆ. ರಕ್ತಪರೀಕ್ಷೆಯಲ್ಲಿ ಶೋಗ್ರೆನ್ಸ್ ಇರುವುದು ಖಚಿತವಾಯಿತು.

ಇನ್ನು ಆ ತುಂಡು. ಇದೋ, ಇಂಥ ಸೀಸೆಯಲ್ಲಿ ಬರುತ್ತದೆ. ಶಾವಿಗೆ ಎಳೆಯ ಹಾಗಿರುತ್ತದೆ. ಒಂದು, ಒಂದೂವರೆ ಸೆಂಟಿಮೀಟರ್ ಉದ್ದ. ಸೀಸೆಯಲ್ಲಿರುವುದು ಫಾರ್ಮಲಿನ್. ತುಂಡು ಕೊಳೆಯದ ಹಾಗೆ ಹಿಡಿದಿಡುತ್ತದೆ. ತುಂಡಿನ ಹತ್ತು ಪಟ್ಟಾದರೂ ಫಾರ್ಮಲಿನ್ ಇರಬೇಕು. ಕಡಿಮೆ ಹೊತ್ತು ಇಟ್ಟರೆ ಒಳಗೆ ಇಳಿಯುವುದಿಲ್ಲ. ವಾರಗಟ್ಟಲೆ ಬಿಟ್ಟರೆ ಡಿಎನ್‌ಎ ಚೂರುಚೂರಾಗುತ್ತದೆ. ಶನಿವಾರ ತೆಗೆದ ತುಂಡು ಯಾರದೋ ಟೇಬಲ್ ಮೇಲೆ ಮುಂದಿನ ಶನಿವಾರದವರೆಗೆ ಕೂತಿದ್ದರೆ, ಎಷ್ಟೇ ದುಬಾರಿ ಮೆಷಿನ್ ಇದ್ದರೂ ಅದು ಹಾಳಾದದ್ದನ್ನು ಸರಿ ಮಾಡುವುದಿಲ್ಲ.

ಆಮೇಲೆ ತುಂಡನ್ನು ಮೇಣದಲ್ಲಿ ಅದ್ದಿ ಗಟ್ಟಿ ಮಾಡುತ್ತೇವೆ. ಅದೇ ಬ್ಲಾಕ್. ಇದನ್ನು ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ನೋಡಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಬೆಳಕಿಗೆ ಹಿಡಿದರೆ ಮೇಣದೊಳಗೆ ಕಂದು ಬಣ್ಣದ ಸಣ್ಣ ಗೆರೆ ಕಾಣುತ್ತದೆ. ಅದೇ ತುಂಡು. ಇದನ್ನು ಮೂರು ನಾಲ್ಕು ಮೈಕ್ರಾನ್ ತೆಳುವಾಗಿ ಕೊಯ್ಯುತ್ತೇವೆ. ಒಂದು ಕೂದಲಿನ ದಪ್ಪದಲ್ಲಿ ಇಂಥ ಹದಿನೈದು ಇಪ್ಪತ್ತು ಪದರ ಹಿಡಿಯುತ್ತದೆ. ಪದರಗಳು ಒಂದಕ್ಕೊಂದು ಅಂಟಿಕೊಂಡು ಪಟ್ಟಿಯ ಹಾಗೆ ಇಳಿಯುತ್ತವೆ. ಅದನ್ನು ಉಗುರುಬೆಚ್ಚಗಿನ ನೀರಿನ ಮೇಲೆ ತೇಲಿಸಿ ಗಾಜಿನ ಮೇಲೆ ಎತ್ತಿಕೊಳ್ಳುತ್ತೇವೆ. ನಮ್ಮ ಟೆಕ್ನಿಷಿಯನ್ನರು ಇದನ್ನು ಮಾಡುವಾಗ ಫ್ಯಾನ್ ಆಫ್ ಮಾಡುತ್ತಾರೆ. ಮಾತಾಡುವುದನ್ನೂ ನಿಲ್ಲಿಸುತ್ತಾರೆ. ಉಸಿರು ತಾಗಿದರೆ ಸಾಕು, ಪಟ್ಟಿ ಸುಕ್ಕಾಗುತ್ತದೆ.

ಒಂದೊಂದು ಪರೀಕ್ಷೆಗೂ ಬ್ಲಾಕಿನಿಂದ ಒಂದಿಷ್ಟು ಪದರ ಹೋಗುತ್ತದೆ. ತುಂಡು ಮುಗಿದರೆ ಮುಗಿಯಿತು. ಅದಕ್ಕೇ ಯಾವ ಪರೀಕ್ಷೆ ಮೊದಲು ಅನ್ನುವುದು ಬಹಳ ಮುಖ್ಯ.

ಆ ತಾಯಿಯ ತುಂಡಿನಲ್ಲಿ ಸಣ್ಣ ಸಣ್ಣ ಲಿಂಫೋಸೈಟ್‌ಗಳು ಒತ್ತಾಗಿ ತುಂಬಿದ್ದವು. ಎಲ್ಲ ಒಂದೇ ಥರ, ಈ ರಾಗಿಯ ಹಾಗೆ. ಶೋಗ್ರೆನ್ಸ್ ಇರುವವರ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇಲ್ಲದೆಯೂ ಲಿಂಫೋಸೈಟ್ ತುಂಬಿಕೊಳ್ಳಬಹುದು. ಸೋಂಕಿಗೂ ಹಾಗಾಗಬಹುದು. ಮೊದಲು ಇಮ್ಯುನೋ ಬಣ್ಣ ಹಾಕಿದೆವು, ಕಣದ ಮೈಮೇಲಿನ ಪ್ರೋಟೀನ್ ನೋಡಿ ಅದರ ಜಾತಿ ಗುರುತಿಸುವ ಬಣ್ಣ. ಬಿ ಜಾತಿಯ ಲಿಂಫೋಸೈಟ್‌ಗಳ ಮೈಮೇಲೆ ಸಿಡಿ20 ಎಂಬ ಪ್ರೋಟೀನ್ ಇರುತ್ತದೆ, ಟಿ ಜಾತಿಯವುಗಳಲ್ಲಿ ಸಿಡಿ3. ಇವರಲ್ಲಿ ಬಿ ಕಣಗಳದ್ದೇ ಮೇಲುಗೈ, ಅವು ಗಾಳಿಗೂಡುಗಳ ಗೋಡೆಯನ್ನೂ ಕೊರೆದು ನುಗ್ಗಿದ್ದವು. ಅನುಮಾನ ಗಟ್ಟಿಯಾಯಿತು. ಆದರೆ ಅನುಮಾನದ ಮೇಲೆ ಕ್ಯಾನ್ಸರ್ ಅಂತ ಬರೆಯುವುದು ಹೇಗೆ?

ಈಗ ರಾಗಿಯ ಪ್ರಶ್ನೆಗೆ ಬರೋಣ.

ನಮ್ಮ ಪ್ರತಿ ಬಿ ಕಣವೂ ಹುಟ್ಟುವಾಗ ತನ್ನದೇ ಒಂದು ಆಯುಧ ಮಾಡಿಕೊಳ್ಳುತ್ತದೆ. ಅದೇ ಆ್ಯಂಟಿಬಾಡಿ. ಕೋಟಿಗಟ್ಟಲೆ ಬಗೆಯ ಆ್ಯಂಟಿಬಾಡಿ ಮಾಡಲು ಅಷ್ಟೊಂದು ಜೀನ್ ನಮ್ಮಲ್ಲಿಲ್ಲ. ಹಾಗಾದರೆ ಹೇಗೆ? ಜಪಾನಿನ ಸುಸುಮು ಟೊನೆಗಾವಾ ಇದನ್ನು ಬಿಡಿಸಿದರು. 1987ರಲ್ಲಿ ಅವರಿಗೆ ನೊಬೆಲ್ ಬಂತು. ಆ್ಯಂಟಿಬಾಡಿಯ ಜೀನು ಬಿಡಿ ಬಿಡಿ ತುಣುಕುಗಳಾಗಿ ಇರುತ್ತದೆ. ವಿ ಅಂತ ಸುಮಾರು ನಲವತ್ತು, ಡಿ ಅಂತ ಇಪ್ಪತ್ತಕ್ಕೂ ಹೆಚ್ಚು, ಜೆ ಅಂತ ಆರು. ಪ್ರತಿ ಬಿ ಕಣವೂ ಒಂದೊಂದರಿಂದ ಒಂದೊಂದು ಆರಿಸಿ ಕತ್ತರಿಸಿ ಜೋಡಿಸಿಕೊಳ್ಳುತ್ತದೆ. ಜೋಡಿಸುವಾಗ ಹೊಲಿಗೆಯ ಜಾಗದಲ್ಲಿ ಡಿಎನ್‌ಎಯ ಕೆಲವು ಅಕ್ಷರ ಉದುರುತ್ತವೆ, ಕೆಲವು ಹೊಸದಾಗಿ ಸೇರುತ್ತವೆ. ಹಾಗಾಗಿ ಒಂದರ ಹೊಲಿಗೆ ಇನ್ನೊಂದರ ಹಾಗೆ ಇರುವುದಿಲ್ಲ. ಉದ್ದವೂ ಬೇರೆ ಬೇರೆ. ಒಮ್ಮೆ ಹೊಲಿದ ಮೇಲೆ ಆ ಕಣದ ಮಕ್ಕಳು ಮೊಮ್ಮಕ್ಕಳಿಗೆಲ್ಲ ಅದೇ ಹೊಲಿಗೆ.

ಇಷ್ಟು ಗೊತ್ತಾದರೆ ಉಳಿದದ್ದು ಸುಲಭ. ಸೋಂಕಿಗೆ ಸೇರಿದ ಗುಂಪಾದರೆ ಅಲ್ಲಿ ನೂರಾರು ಮನೆತನದ ಬಿ ಕಣಗಳಿರುತ್ತವೆ. ಲಿಂಫೋಮಾ ಆದರೆ ಒಂದೇ ಕಣ ಬೆಳೆದು ಬೆಳೆದು ಗುಂಪಾಗಿರುತ್ತದೆ. ಎಲ್ಲದರ ಹೊಲಿಗೆಯೂ ಒಂದೇ. ಇದನ್ನು ಪತ್ತೆ ಮಾಡುವುದಕ್ಕೆ ಕ್ಲೋನಾಲಿಟಿ ಪರೀಕ್ಷೆ ಅನ್ನುತ್ತೇವೆ. ಬ್ಲಾಕಿನ ಪದರಗಳಿಂದ ಡಿಎನ್‌ಎ ತೆಗೆದು, ಆ ಹೊಲಿಗೆಯ ಜಾಗವನ್ನಷ್ಟೇ ಪಿಸಿಆರ್‌ನಲ್ಲಿ ಕೋಟಿ ಪಟ್ಟು ಹೆಚ್ಚಿಸಿ, ಉದ್ದದ ಪ್ರಕಾರ ಬೇರ್ಪಡಿಸುತ್ತೇವೆ. ಪಿಸಿಆರ್ ಅನ್ನು 1983ರಲ್ಲಿ ಯೋಚಿಸಿದವರು ಕ್ಯಾರಿ ಮುಲ್ಲಿಸ್. ಈ ಪರೀಕ್ಷೆಗೆ ಎಲ್ಲರೂ ಒಂದೇ ವಿಧಾನ ಬಳಸುವ ಹಾಗೆ ಯುರೋಪಿನ ಹಲವು ಲ್ಯಾಬುಗಳು ಸೇರಿ ಬಯೋಮೆಡ್-2 ಎಂಬ ಕ್ರಮವನ್ನು 2003ರಲ್ಲಿ ಪ್ರಕಟಿಸಿದವು. ಈಗ ಹೊಲಿಗೆಯ ಅಕ್ಷರಗಳನ್ನೇ ಓದುವ ಸೀಕ್ವೆನ್ಸಿಂಗ್ ವಿಧಾನವೂ ಬಂದಿದೆ.

ಕಂಪ್ಯೂಟರ್ ಪರದೆಯ ಮೇಲೆ ಒಂದು ಗೀಟು ಮೂಡುತ್ತದೆ. ಬೆರಕೆ ಗುಂಪಾದರೆ ಆ ಗೀಟು ಗುಡ್ಡದ ಹಾಗೆ ನಿಧಾನಕ್ಕೆ ಏರಿ ಇಳಿಯುತ್ತದೆ. ದೂರದಿಂದ ದೇವರಾಯನದುರ್ಗ ನೋಡಿದ ಹಾಗೆ. ಒಂದೇ ಮನೆತನವಾದರೆ ಬಯಲಿನಲ್ಲಿ ಗರುಡಗಂಬ ನೆಟ್ಟ ಹಾಗೆ ಒಂದೇ ಒಂದು ಚೂಪಾದ ಗೆರೆ ಏಳುತ್ತದೆ. ಆ ತಾಯಿಯ ತುಂಡಿನಲ್ಲಿ ಕಂಬ ಎದ್ದಿತ್ತು.

ಒಂದೇ ಸಲ ನೋಡಿ ನಂಬುವ ಹಾಗಿಲ್ಲ. ಡಿಎನ್‌ಎ ತೀರಾ ಕಡಿಮೆಯಿದ್ದರೆ ಅಲ್ಲಿದ್ದ ನಾಲ್ಕೈದು ಕಣಗಳೇ ಹೆಚ್ಚಾಗಿ ಸುಳ್ಳು ಕಂಬ ಏಳುತ್ತದೆ. ಆದ್ದರಿಂದ ಎರಡು ಸಲ ಬೇರೆ ಬೇರೆಯಾಗಿ ಓಡಿಸುತ್ತೇವೆ. ಅದೇ ಉದ್ದದಲ್ಲಿ ಅದೇ ಕಂಬ ಮತ್ತೆ ಬಂದರೆ ಮಾತ್ರ ನಿಜ. ಇವರದು ಎರಡೂ ಸಲ ಬಂತು.

ಆದರೂ ನಾನು ರಿಪೋರ್ಟ್ ಬರೆಯಲಿಲ್ಲ. ಯಾಕೆ? ಶೋಗ್ರೆನ್ಸ್ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಕೆಲವು ಸಲ ಇಂಥ ಕಂಬ ಏಳುತ್ತದೆ. ಒಂದು ಮನೆತನ ಸ್ವಲ್ಪ ಜಾಸ್ತಿ ಬೆಳೆದಿರುತ್ತದೆ, ಅಷ್ಟೇ. ಉಲ್ಟಾ ಕೂಡ ನಡೆಯುತ್ತದೆ. ಲಿಂಫೋಮಾ ಇದ್ದೂ ಕಂಬ ಏಳದೇ ಇರಬಹುದು. ಹೊಲಿಗೆಯ ಅಕ್ಕಪಕ್ಕದ ಅಕ್ಷರಗಳು ಬದಲಾಗಿದ್ದರೆ ಪಿಸಿಆರ್‌ಗೆ ಹಿಡಿತ ಸಿಗುವುದಿಲ್ಲ. ಮೆಷಿನ್ನಿನಿಂದ ಬಂದ ಒಂದೇ ಕಾಗದ ಹಿಡಿದು ಕ್ಯಾನ್ಸರ್ ಇದೆ ಅಂತಲೋ ಇಲ್ಲ ಅಂತಲೋ ತೀರ್ಮಾನ ಮಾಡುವುದನ್ನು ನಾನು ಒಪ್ಪುವುದಿಲ್ಲ. ತುಂಡಿನ ಚಿತ್ರ, ಬಣ್ಣ, ಸ್ಕ್ಯಾನ್, ರೋಗಿಯ ಮಾತು ಎಲ್ಲ ಒಂದೇ ದಿಕ್ಕಿಗೆ ಕೈ ತೋರಿಸಬೇಕು.

ಅದಕ್ಕೆ ಇನ್ನೊಂದು ಪರೀಕ್ಷೆ ಮಾಡಿದೆವು. ಫಿಶ್ ಅನ್ನುತ್ತಾರೆ. ಶ್ವಾಸಕೋಶದ ಮಾಲ್ಟ್ ಲಿಂಫೋಮಾದಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಜನರಿಗೆ ಜೀನುಗಳನ್ನು ಹೊತ್ತ ಎಳೆಗಳಾದ ಕ್ರೋಮೋಸೋಮ್‌ಗಳಲ್ಲಿ 11ನೆಯದು ಮತ್ತು 18ನೆಯದು ಮುರಿದು ಅದಲು ಬದಲಾಗಿ ಅಂಟಿಕೊಂಡಿರುತ್ತವೆ. ಹಾಗೆ ಅಂಟಿದ ಜಾಗದಲ್ಲಿ ಎರಡು ಜೀನು ಸೇರಿ, ಕಣಕ್ಕೆ "ಬೆಳೆ, ಸಾಯಬೇಡ" ಅನ್ನುವ ಸ್ವಿಚ್ ಆನ್ ಆಗಿಯೇ ಉಳಿಯುತ್ತದೆ. ಇದು ಬರೀ ಊತಕ್ಕೆ, ಸೋಂಕಿಗೆ ಬರುವ ಬದಲಾವಣೆಯಲ್ಲ. 18ನೇ ಕ್ರೋಮೋಸೋಮಿನ ಆ ಜೀನಿನ ಎರಡೂ ಪಕ್ಕಕ್ಕೆ ಹೊಳೆಯುವ ಬಣ್ಣ ಹಚ್ಚುತ್ತೇವೆ, ಒಂದು ಕಡೆ ಕೆಂಪು, ಒಂದು ಕಡೆ ಹಸಿರು. ಜೀನು ಸರಿಯಾಗಿದ್ದರೆ ಎರಡೂ ಒತ್ತಿಕೊಂಡು ಹಳದಿ ಚುಕ್ಕೆ ಕಾಣುತ್ತದೆ. ಮುರಿದಿದ್ದರೆ ಕೆಂಪು ಒಂದು ಕಡೆ, ಹಸಿರು ಒಂದು ಕಡೆ.

ಅವತ್ತು ಕತ್ತಲೆ ಕೋಣೆಯಲ್ಲಿ ಕೂತು ಒಂದೊಂದೇ ಕಣ ಎಣಿಸಿದೆವು. ಕಪ್ಪು ಹಿನ್ನೆಲೆ, ನೀಲಿ ಕಣಗಳು. ಕಣದ ನಂತರ ಕಣದಲ್ಲಿ ಕೆಂಪು ಹಸಿರು ದೂರ ದೂರ ನಿಂತಿದ್ದವು. ಪಕ್ಕದಲ್ಲಿದ್ದ ಕಿರಿಯ ಡಾಕ್ಟರ್ "ಮೇಡಂ, ಸಿಕ್ತು" ಅಂದಳು. ಆಗ ಮನಸ್ಸಿಗೆ ಆಗುವುದನ್ನು ಹೇಳುವುದು ಕಷ್ಟ. ಕ್ಯಾನ್ಸರ್ ಸಿಕ್ಕಿದ್ದಕ್ಕೆ ಸಂತೋಷ ಅಂದರೆ ತಪ್ಪಾಗುತ್ತದೆ. ಒಂದೂವರೆ ವರ್ಷ ಹೆಸರಿಲ್ಲದೆ ಅಲೆದ ಕಾಯಿಲೆಗೆ ಒಂದು ಹೆಸರು ಸಿಕ್ಕಿತಲ್ಲ, ಆ ಸಮಾಧಾನ. ಮಾಲ್ಟ್ ಲಿಂಫೋಮಾ ಅಂತ ಬರೆದು ಸಹಿ ಹಾಕಿದೆ.

ಹೆಸರು ಸಿಕ್ಕಿದರೆ ಏನು ಬದಲಾಗುತ್ತದೆ? ಬಹಳ. ಮಾಲ್ಟ್ ಲಿಂಫೋಮಾ ನಿಧಾನದ್ದು. ತೊಂದರೆ ಇಲ್ಲದವರಿಗೆ ಕೆಲವು ಸಲ ಔಷಧಿಯೇ ಕೊಡದೆ ಕಾದು ನೋಡುತ್ತಾರೆ. ಬೇಕಾದವರಿಗೆ ರಿಟುಕ್ಸಿಮ್ಯಾಬ್ ಕೊಡುತ್ತಾರೆ, ಒಂಟಿಯಾಗಿ ಅಥವಾ ಬೇರೆ ಔಷಧಿಯ ಜೊತೆ. ಅದು ಸಿಡಿ20 ಇರುವ ಕಣಗಳನ್ನೇ ಹುಡುಕಿ ಹಿಡಿಯುತ್ತದೆ. 1997ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ ಔಷಧಿ. ಈ ಕಾಯಿಲೆ ಇರುವ ಬಹುಪಾಲು ಜನ ಐದು ವರ್ಷ ದಾಟಿ ಬದುಕುತ್ತಾರೆ. ಅದೇ ಶ್ವಾಸಕೋಶದಲ್ಲಿ ದೊಡ್ಡ ಕಣದ, ವೇಗದ ಲಿಂಫೋಮಾ ಬಂದರೆ ಕಾಯುವ ಹಾಗಿಲ್ಲ. ತಕ್ಷಣ ಕೀಮೋ ಶುರುವಾಗಬೇಕು. ಅಲ್ಲಿ ನೋಡುವ ಜೀನುಗಳೂ ಬೇರೆ. ಮಿಕ್, ಬಿಸಿಎಲ್2 ಎರಡೂ ಮುರಿದಿದ್ದರೆ ಇನ್ನೂ ಗಟ್ಟಿ ಚಿಕಿತ್ಸೆಯ ಬಗ್ಗೆ ಯೋಚಿಸುತ್ತಾರೆ.

ಆ ತಾಯಿಗೆ ಪೆಟ್ ಸ್ಕ್ಯಾನ್ ಮಾಡಿ ಬೇರೆಲ್ಲೂ ಇಲ್ಲ ಅಂತ ನೋಡಿಕೊಂಡರು. ಚಿಕಿತ್ಸೆ ಮುಗಿದಿದೆ. ಈಗ ಮತ್ತೆ ಅಡುಗೆಗೆ ಹೋಗುತ್ತಿದ್ದಾರೆ.

ಇನ್ನೊಂದು ವಿಷಯ ಹೇಳಲೇಬೇಕು. ಎಷ್ಟೋ ಮನೆಯವರು ನನ್ನ ಹತ್ತಿರ ಬಂದು "ಲಂಗ್ಸ್ ಜೀನ್ ಟೆಸ್ಟ್ ಮಾಡಿಸಿ" ಅನ್ನುತ್ತಾರೆ. ಇಜಿಎಫ್‌ಆರ್, ಆಲ್ಕ್ ಹೆಸರು ಯಾರೋ ಹೇಳಿರುತ್ತಾರೆ. ಅವು ಶ್ವಾಸಕೋಶದ ಮಾಮೂಲಿ ಕ್ಯಾನ್ಸರಿಗೆ ಬೇಕಾದ ಪರೀಕ್ಷೆಗಳು. ನಾವು ಈಗ ಮಾತಾಡುತ್ತಿರುವ ಲಿಂಫೋಮಾಕ್ಕೆ ಅವು ಉತ್ತರ ಕೊಡುವುದಿಲ್ಲ. ಸೋಜಿಗ ಏನು ಗೊತ್ತಾ? ಆಲ್ಕ್ ಎಂಬ ಜೀನು ಮೊದಲು ಸಿಕ್ಕಿದ್ದೇ ಲಿಂಫೋಮಾದ ಇನ್ನೊಂದು ಬಗೆಯಲ್ಲಿ, 1994ರಲ್ಲಿ. ಅದರ ಪೂರ್ತಿ ಹೆಸರು ಅನಾಪ್ಲಾಸ್ಟಿಕ್ ಲಿಂಫೋಮಾ ಕೈನೇಸ್, ಹೆಸರಿನಲ್ಲೇ ಲಿಂಫೋಮಾ ಇದೆ. ಶ್ವಾಸಕೋಶದ ಕ್ಯಾನ್ಸರಿನಲ್ಲೂ ಅದಕ್ಕೆ ಪಾತ್ರ ಇದೆ ಅಂತ ಗೊತ್ತಾಗಿದ್ದು 2007ರಲ್ಲಿ. ಆದರೆ ಮೊದಲು ಇದು ಯಾವ ಜಾತಿಯ ಕ್ಯಾನ್ಸರ್ ಅಂತ ಗೊತ್ತಾಗದೆ ಜೀನ್ ಟೆಸ್ಟಿಗೆ ಪದರ ಕೊಯ್ದರೆ ದುಡ್ಡೂ ಹೋಗುತ್ತದೆ, ತುಂಡೂ ಹೋಗುತ್ತದೆ.

ಬಯಾಪ್ಸಿಗೆ ಹೋಗುವಾಗ ಡಾಕ್ಟರನ್ನು ಒಂದು ಮಾತು ಕೇಳಿ. "ಟಿಬಿಗೆ, ಲಿಂಫೋಮಾಗೆ ಎರಡಕ್ಕೂ ತುಂಡು ತೆಗೆದಿಡ್ತೀರಾ ಸಾರ್?" ಇಷ್ಟೇ ಸಾಕು. ಫಾರ್ಮಲಿನ್‌ಗೆ ಬಿದ್ದ ಟಿಬಿ ರೋಗಾಣು ಸಾಯುತ್ತದೆ, ಕಲ್ಚರ್‌ನಲ್ಲಿ, ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬೆಳೆಯುವುದಿಲ್ಲ. ಅದಕ್ಕೆ ಸಲೈನ್‌ನಲ್ಲಿ ಬೇರೆ ತುಂಡು ಬೇಕು. ಫ್ಲೋ ಸೈಟೋಮೆಟ್ರಿ ಎಂಬ ಲಿಂಫೋಮಾ ಪರೀಕ್ಷೆಗೂ ಫಾರ್ಮಲಿನ್ ತಾಗದ, ಜೀವ ಇರುವ ಕಣ ಬೇಕು. ಉಳಿದದ್ದೆಲ್ಲ ಫಾರ್ಮಲಿನ್‌ಗೆ. ಸೂಜಿ ಚುಚ್ಚಿದ ಮೇಲೆ ಈ ಪ್ರಶ್ನೆ ಎದ್ದರೆ ತಡವಾಗಿರುತ್ತದೆ.

ಖರ್ಚಿನ ಬಗ್ಗೆ ಚೀಟಿಯಲ್ಲಿ ಒಬ್ಬರು ಕೇಳಿದ್ದಾರೆ. ಎಲ್ಲ ಪರೀಕ್ಷೆ ತುಮಕೂರಿನಲ್ಲೇ ಆಗುವುದಿಲ್ಲ, ತುಂಡು ಬೆಂಗಳೂರಿಗೆ ಹೋಗಬೇಕಾಗಬಹುದು. ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಸಂಸ್ಥೆ ಎಪ್ಪತ್ತು ಕಿಲೋಮೀಟರ್ ದೂರದಲ್ಲಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರನ್ನು ಕೇಳಿ. ದುಡ್ಡು ಕಟ್ಟುವ ಮೊದಲು ಕೇಳಿ.

ಮಾತು ಮುಗಿಸಿ ಕೆಳಗೆ ಇಳಿದಾಗ ಶಿರಾದಿಂದ ಬಂದ ಒಬ್ಬ ಹೆಣ್ಣುಮಗಳು ಕಾಯುತ್ತಿದ್ದಳು. ತಂದೆಗೆ ಎಂಟು ತಿಂಗಳ ಹಿಂದೆ ಬಯಾಪ್ಸಿ ಆಗಿದೆ. "ಊತ ಇದೆ" ಅಂತ ಮಾತ್ರ ರಿಪೋರ್ಟ್. ಟಿಬಿ ಔಷಧಿ ಮುಗಿದಿದೆ, ನೆರಳು ಹೋಗಿಲ್ಲ. "ಮತ್ತೆ ಚುಚ್ಚಬೇಕಾ ಮೇಡಂ? ಅಪ್ಪಾಜಿ ಬೇಡ ಅಂತಾವ್ರೆ" ಅಂದಳು. ಹಳೆಯ ಬ್ಲಾಕ್ ಎಲ್ಲಿದೆ ಅಂತ ಕೇಳಿದೆ. ಆಸ್ಪತ್ರೆಯಲ್ಲಿ ಬರೆದು ಕೊಟ್ಟು ಅದನ್ನು ಪಡೆಯಬಹುದು ಅಂತ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಅವಳು ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದಳು. ಒಳಗೆ ಕರ್ಚೀಫಿನಲ್ಲಿ ಸುತ್ತಿದ ಬ್ಲಾಕ್. ಮೇಣ ಅಲ್ವಾ, ಬಸ್ಸಿನಲ್ಲಿ ಬಿಸಿಲಿಗೆ ಕರಗೀತು ಅಂತ ನೆರಳಿನ ಕಡೆ ಕೂತು ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳಂತೆ.

ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದು ನೋಡಿದೆ. ನಂಬರು ರಿಪೋರ್ಟಿನದೇ. ಮೇಣದೊಳಗೆ ಕಂದು ಗೆರೆ ಇನ್ನೂ ದಪ್ಪಗೇ ಇತ್ತು.